ಏಳರಲ್ಲಿ ಅತಿ ಚಿಕ್ಕ ಮಾತು

ನಾನು ಮಾಡಿದ ದಡ್ಡತನಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ರೆ ಮದ್ದೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡು ಸಾಲೋದಿಲ್ಲ. ಅದರಲ್ಲಿ ಒಂದನ್ನ ಮಾತ್ರ ಬೇರೆ ಎತ್ತಿಟ್ಟಿದೀನಿ, ಯಾಕಂದ್ರೆ ಅದನ್ನ ಮಾಡುವಾಗ ನಾನು ಬಹಳ ಬುದ್ಧಿವಂತ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಶುಭ ಶುಕ್ರವಾರ ನಮ್ಮ ಚರ್ಚಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಸ್ವಾಮಿ ಶಿಲುಬೆ ಮೇಲೆ ಆಡಿದ ಏಳು ಮಾತನ್ನ ಏಳು ಜನ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದರ ಮೇಲೆ ಬರೆದು ತಂದು ಓದೋದು ವಾಡಿಕೆ. ಆ ವರ್ಷ ನಮ್ಮ ಪಾದ್ರಿಗಳು, ಅವರನ್ನ ನಾವೆಲ್ಲ ಅಯ್ಯನೋರು ಅಂತೀವಿ, ಮಂಡ್ಯದಿಂದ ರೈಲಲ್ಲಿ ಬಂದು ಯಾರಿಗೆ ಯಾವ ಮಾತು ಅಂತ ಕೇಳಿದ್ರು. ಸಭೆಯ ಹಿರಿಯರೆಲ್ಲ ಕ್ಷಮೆ, ಸ್ವರ್ಗ ಅಂತ ಗಟ್ಟಿ ಗಟ್ಟಿ ಮಾತುಗಳಿಗೆ ಕೈ ಹಾಕಿದ್ರು. ನಾನು ಏಳನ್ನೂ ಮನಸ್ಸಲ್ಲೇ ಅಳೆದು ನೋಡಿ ಅತಿ ಚಿಕ್ಕದನ್ನ ಹಿಡ್ಕೊಂಡೆ. ಸ್ವಾಮಿ ಬಾಯಾರಿಕೆ ಅಂದದ್ದು. ಮಾತು ಚಿಕ್ಕದು, ಆದ್ದರಿಂದ ಬರೆಯೋದೂ ಚಿಕ್ಕದು ಅಂತ ನನ್ನ ಲೆಕ್ಕ. ಒಂದನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡೋ ನನ್ನಂಥ ಮೇಷ್ಟರ ಲೆಕ್ಕ ಅದು.

ಇದರ ಹಿಂದೆ ಇನ್ನೊಂದು ಕಳ್ಳತನವೂ ಇತ್ತು. ಈಸ್ಟರಿಗೆ ಮುಂಚಿನ ಉಪವಾಸದ ಕಾಲದಲ್ಲಿ ನಮ್ಮೋರು ಪ್ರತಿಯೊಬ್ಬರೂ ಏನಾದ್ರೂ ಒಂದು ಬಿಡ್ತಾರೆ. ಒಬ್ಬರು ನಶ್ಯ, ಒಬ್ಬರು ಎಲೆ ಅಡಿಕೆ. ನನಗೆ ಬಿಡೋದಕ್ಕೆ ಇದ್ದದ್ದು ಎರಡೇ, ಕಾಫಿ ಮತ್ತೆ ವಡೆ. ಅವೆರಡನ್ನೂ ಬಿಟ್ಟ ಮೇಲೆ ನಾನು ಅನ್ನೋನು ಎಷ್ಟು ಉಳೀತೀನಿ ಅನ್ನೋ ಭಯದಲ್ಲಿ, ಎಲ್ಲರೂ ಬಿಡ್ತಾರೆ, ನಾನು ಹಿಡೀತೀನಿ, ಬರೆಯೋದನ್ನೇ ನನ್ನ ಉಪವಾಸ ಅಂತ ಇಟ್ಕೊಳ್ಳಿ ಅಂತ ಅಯ್ಯನೋರ ಹತ್ರ ಹೇಳಿಬಿಟ್ಟೆ. ಅವರು ನನ್ನ ಮುಖ ನೋಡಿ ನಕ್ಕು, ಹಿಡಿದ ಮೇಲೆ ಬಿಡಬಾರದು ಅಷ್ಟೆ ಅಂದ್ರು. ಆ ನಗು ಅರ್ಥ ಆಗಿದ್ರೆ ಅವತ್ತೇ ಕಾಫಿ ಬಿಡ್ತಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದ್ದು ಎರಡನೇ ದಡ್ಡತನ. ಅವ್ವ ಮೊರ ಕೆಳಗಿಟ್ಟು, ಹಂಗಾರೆ ಅಕ್ಕನ್ನ ಕರೆಸ್ತೀನಿ ಅಂದ್ಲು. ಅಕ್ಕ ಅಂದ್ರೆ ನನ್ನ ದೊಡ್ಡವ್ವ, ಹನಕೆರೆ ಹತ್ರ ಒಂದು ಹಳ್ಳೀಲಿದ್ಲು. ಅಪ್ಪ ಅವ್ವ ಚರ್ಚಿಗೆ ಸೇರಿದಾಗ ನಮ್ಮ ಕುಲದ ಯಜಮಾನರು ಕೂತು, ಇನ್ನು ಅವರ ಮನೇಲಿ ಯಾರೂ ನೀರು ಮುಟ್ಟಬಾರದು ಅಂತ ಕಟ್ಟು ಮಾಡಿದ್ರು. ಅವತ್ತಿಂದ ದೊಡ್ಡವ್ವ ನಮ್ಮ ಹೊಸಿಲು ದಾಟಿರಲಿಲ್ಲ. ಅಪ್ಪ ತೀರಿಕೊಂಡಾಗಲೂ ಬಂದು, ಬೇಲಿ ಹೊರಗಡೆ ಕೂತು ಅತ್ತು, ಸೆರಗಲ್ಲಿ ಬಾಯಿ ಒರೆಸ್ಕೊಂಡು, ಬಾಯಿ ಒಣಗಿದ್ರೂ ಹಂಗೇ ಹೊರಟುಹೋಗಿದ್ಲು. ಅದು ಅವ್ವನ ಎದೇಲಿ ಮುಳ್ಳಿನ ಹಾಗೆ ಉಳಿದಿತ್ತು. ಮಗ ಚರ್ಚಲ್ಲಿ ನಿಂತು ಓದ್ತಾನೆ ಅಂದ್ರೆ ಅಕ್ಕ ಬಂದೇ ಬರ್ತಾಳೆ, ಬಂದೋಳು ಒಂದು ಲೋಟ ನೀರಾದ್ರೂ ಕುಡೀತಾಳೆ ಅನ್ನೋದು ಅವ್ವನ ಆಸೆ. ಈಗ ನೋಡಿ, ನಾನು ಸೋಮಾರಿತನಕ್ಕೆ ಆರಿಸ್ಕೊಂಡ ಚಿಕ್ಕ ಮಾತಿನ ಮೇಲೆ ಇಬ್ಬರು ಅಕ್ಕ ತಂಗಿಯರ ಬದುಕು ಬಂದು ಕೂತ್ಕೊಂಡ್ತು.

ಯುದ್ಧದ ಕಾಲ, ಕಾಗದಕ್ಕೆ ಬರ. ಬರೆದು ಹರಿಯೋ ಶ್ರೀಮಂತಿಕೆ ನನಗಿರಲಿಲ್ಲ. ಅದಕ್ಕೆ ಸ್ಕೂಲಿಂದ ಒಂದು ಸ್ಲೇಟು, ಒಂದು ತುಂಡು ಬಳಪ ತಂದು ಶುರು ಮಾಡಿದೆ. ಮೊದಲನೇ ದಿನವೇ ಬರವಣಿಗೆ ಧಾರಾಳವಾಗಿ ಬಂತು. ಮರಳುಗಾಡು, ಬೆಂಕಿಯಂಥ ಗಾಳಿ, ಆ ಗಾಳೀಲಿ ನಡೆಯೋ ಒಂದು ಒಂಟೆ. ನಾನು ಮರಳು ಅಂತ ನೋಡಿದ್ದು ಶಿಂಷಾ ಹೊಳೇಲಿ, ಒಂಟೆ ನೋಡಿದ್ದು ಸ್ಕೂಲಿನ ಗೋಡೆ ಮೇಲಿನ ಚಿತ್ರದಲ್ಲಿ. ಆದ್ರೂ ಒಂಟೆಯ ತುಟಿ, ರೆಪ್ಪೆ, ಕಣ್ಣೀರು ಎಲ್ಲ ಬರೆದೆ. ಸ್ಲೇಟಿನ ಎರಡು ಮಗ್ಗಲೂ ತುಂಬಿತು. ಅದನ್ನ ಎತ್ಕೊಂಡು ಸ್ಟೇಷನ್ನಿಗೆ ಹೋಗಿ ಸಾಮೇಲನಿಗೆ ಓದಿದೆ. ಸಾಮೇಲ ಅಲ್ಲಿ ಪೋರ್ಟರು, ಚಿಕ್ಕಂದಿನಿಂದ ನನ್ನ ಜೊತೆಗಾರ, ನನ್ನ ವಡೆಯಲ್ಲಿ ಅರ್ಧದ ಪಾಲುದಾರ. ಪೂರ್ತಿ ಕೇಳಿ, ಕೈಗೆ ಅಂಟಿದ ವಡೆ ಎಣ್ಣೆಯನ್ನ ತಲೆಗೆ ಒರೆಸ್ಕೊಂಡು ಹೇಳ್ದ.

"ಒಂಟೆ ಬಾಳ ಚೆನ್ನಾಗ್ ಬಂದದೆ ಕಣ್ಲಾ. ಸ್ವಾಮಿ ಮಾತ್ರ ಎಲ್ಲೂ ಕಾಣಾಕಿಲ್ಲ."

ಒಂಟೆಯನ್ನ ಒರೆಸಿದೆ. ಜಿಂಕೆ ಬರೆದೆ, ಒರೆಸಿದೆ. ಸಮುದ್ರ ಬರೆದೆ, ಅದರ ನೀರು ಉಪ್ಪು ಅಂತ ನೆನಪಾಗಿ ಒರೆಸಿದೆ. ಕೊನೆಗೆ ಸ್ಲೇಟು ಸವೆದು ನನ್ನ ಮುಖ ಕಾಣೋ ಹಾಗಾಯ್ತೇ ಹೊರತು ಬಾಯಾರಿಕೆ ಬರಲಿಲ್ಲ. ನೀವು ನಂಬೋದಿಲ್ಲ, ಬರೆಯೋದಕ್ಕೆ ಕೂತ ತಕ್ಷಣ ನನಗೆ ಸಂಸಾರದ ಕೆಲಸವೆಲ್ಲ ನೆನಪಾಗ್ತಿತ್ತು. ಜನ್ಮದಲ್ಲಿ ಮುಟ್ಟದ ಪೊರಕೆ ತಗೊಂಡು ಹಿತ್ತಲು ಗುಡಿಸಿದೆ. ಕೋಳಿಗೂಡಿನ ಬಾಗಿಲು ರಿಪೇರಿ ಮಾಡಿದೆ, ಆಮೇಲೆ ಕೋಳಿ ಒಳಗೆ ಹೋಗೋಕೆ ಆಗಲಿಲ್ಲ. ಉಪವಾಸದ ಕಾಲ ಬಂದ ಮೇಲೆ ನನ್ನ ಮಗ ಎಷ್ಟು ಬದಲಾದ ಅಂತ ಅವ್ವ ಬೀದೀಲಿ ಹೇಳ್ಕೊಂಡು ಬಂದ್ಲು.

ತಡೆಯಲಾರದೆ ಒಂದು ಭಾನುವಾರ ಅಯ್ಯನೋರ ಹಿಂದೆ ಸ್ಟೇಷನ್ನಿನ ತನಕ ನಡೆದು, ನನ್ನಿಂದ ಆಗೋಲ್ಲ, ಇವತ್ತಿಂದ ಕಾಫೀನೇ ಬಿಡ್ತೀನಿ ಅಂದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಛತ್ರಿ ಮಡಚಿ ಬೆಂಚಿನ ಮೇಲೆ ಕೂತು, ತಮಗೂ ಶನಿವಾರ ಬಂತಂದ್ರೆ ಹೊಟ್ಟೆ ನೋವು ಬರುತ್ತೆ, ಇಷ್ಟು ವರ್ಷ ಆದ್ರೂ ಪ್ರಸಂಗ ಬರೆಯೋದು ಅಂದ್ರೆ ಭಯ ಅಂತ ಒಪ್ಕೊಂಡ್ರು. ಆಮೇಲೆ ಕೇಳಿದ್ರು.

"ಪ್ರಾರ್ಥನೇಲಿ ಮನಸ್ಸು ಓಡಿಹೋದ್ರೆ ಏನು ಮಾಡ್ತೀಯಪ್ಪ?"

ಎದ್ದು ಹೋಗಿ ಕಾಫಿ ಕುಡೀತೀನಿ ಅನ್ನೋದು ನಿಜವಾದ ಉತ್ತರ. ನಾನು ರೈಲು ಬರೋ ದಿಕ್ಕು ನೋಡಿದೆ.

"ಮತ್ತೆ ಹಿಡ್ಕೊಂಡು ಬಂದು ಕೂರಿಸ್ತೀವಿ, ಅಲ್ವಾ? ಇದೂ ಹಂಗೇ ಕಣಪ್ಪ. ಬರಲಿಲ್ಲ ಅಂತ ಏಳಬೇಡ. ಬರದೆ ಇರೋದರ ಮುಂದೆ ಕೂತಿರು. ನೀನು ಏನನ್ನ ಬರೆಯೋಕೆ ಇಷ್ಟ ಇಲ್ವೋ ಅದು ಅಲ್ಲೇ ಎಲ್ಲೋ ಇರುತ್ತೆ."

ರೈಲು ಬಂತು, ಅವರು ಹತ್ತಿ ಹೋದ್ರು. ನನಗೆ ಇಷ್ಟ ಇಲ್ಲದ್ದು ಏನೂ ಇಲ್ಲವಲ್ಲ ಅಂದ್ಕೊಂಡು ಕೋಟಿನ ಗುಂಡಿ ಹಾಕ್ಕೊಂಡು ಮನೆಗೆ ಬಂದೆ. ಈ ಕೋಟಿನ ವಿಷಯ ಹೇಳಬೇಕು. ಕಪ್ಪು ಉಣ್ಣೆ ಕೋಟು, ಯಾರೋ ದೊರೆ ಹಾಕಿ ಬಿಟ್ಟದ್ದು, ನನ್ನ ಮೈಗೆ ಒಂದೂವರೆ ಪಟ್ಟು. ಕೋಟು ಹಾಕಿದೋನನ್ನ ಯಾವ ಕೇರಿಯೋನು ಅಂತ ಯಾರೂ ಕೇಳೋದಿಲ್ಲ. ಕೇಳಿದ್ರೂ ಮೈಸೂರು ಕಡೆ ಅಂತ ಕೈ ಬೀಸಿಬಿಟ್ರೆ ನಡೆಯುತ್ತೆ. ಅದಕ್ಕೆ ನಾನು ಬೇಸಿಗೇಲೂ ಬಿಚ್ಚುತ್ತಿರಲಿಲ್ಲ. ಮಕ್ಕಳು ನನಗೆ ಕರಡಿ ಮೇಷ್ಟ್ರು ಅಂತ ಹೆಸರಿಟ್ಟಿದ್ರು.

ಆವತ್ತಿಂದ ದಿನಾ ಬೆಳಿಗ್ಗೆ ಜಗಲಿ ಮೇಲೆ ಖಾಲಿ ಸ್ಲೇಟು ತೊಡೆ ಮೇಲಿಟ್ಟು ಕೂತೆ. ಮೊದಮೊದಲು ಅದು ಪ್ರಾರ್ಥನೆ ಅಲ್ಲ, ತೂಕಡಿಕೆ. ಬೀದೀಲಿ ಹೋಗೋರು, ಪಾಪ ಮೇಷ್ಟ್ರು ಮತ್ತೆ ಅ ಆ ಇ ಈಯಿಂದ ಶುರು ಮಾಡವ್ರೆ ಅಂತ ಮಾತಾಡ್ಕೊಂಡ್ರು. ಆದ್ರೆ ಬರಬರುತ್ತ ಒಂದು ವಿಚಿತ್ರ ಆಯ್ತು. ತಮಾಷೆ ಮಾಡೋಕೆ ಯಾರೂ ಇಲ್ಲದ ಆ ಹೊತ್ತಲ್ಲಿ ನಾನು ಸ್ವಲ್ಪ ಸುಮ್ಮನಾದೆ. ಒಂದು ಸಾಲು ಬರೆಯೋದು, ಅದು ಸುಳ್ಳು ಅನ್ನಿಸೋದು, ಒರೆಸೋದು. ಹೀಗೆ ಒರೆಸೋದೂ ಒಂಥರಾ ಪಾಪ ನಿವೇದನೆಯೇ ಅಂತ ಅನ್ನಿಸೋಕೆ ಶುರುವಾಯ್ತು.

ಶುಭ ಶುಕ್ರವಾರದ ಹಿಂದಿನ ದಿನ ಹಂಗೂ ಹಿಂಗೂ ಸ್ಲೇಟು ತುಂಬಿಸಿ ಸ್ಕೂಲಿಗೆ ಹೋಗಿದ್ದೆ. ಮಧ್ಯಾಹ್ನ ಬಂದು ನೋಡ್ತೀನಿ, ಸ್ಲೇಟು ಫಳಫಳ ಅಂತ ಗೋಡೆಗೆ ಒರಗಿದೆ. ನಾಳೆ ಅಕ್ಕ ಬರ್ತಾಳೆ ಅಂತ ಅವ್ವ ಮನೆಯೆಲ್ಲ ತೊಳೆದೋಳು ಅದನ್ನೂ ತೊಳೆದಿದ್ಲು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

"ಏನ್ ಬರ್ದಿದ್ಯೋ ಅದ್ರಲ್ಲಿ?"

"ಬಾಯಾರಿಕೆ ಬಗ್ಗೆ ಕಣವ್ವ."

"ನೀನ್ ಯಾವತ್ಲಾ ಬಾಯಾರ್ಕಂಡಿದ್ದೆ?"

ಅವ್ವ ಒದ್ದೆ ಕೈ ಸೆರಗಿಗೆ ಒರೆಸ್ಕೊಂಡು ಪಕ್ಕದಲ್ಲಿ ಕೂತು, ಹಿಂದೆ ಯಾವತ್ತೂ ಹೇಳದೆ ಇದ್ದದ್ದನ್ನ ಹೇಳಿದ್ಲು. ಅವಳ ತವರಲ್ಲಿ ನಮ್ಮ ಕೇರಿಯೋರು ಊರ ಬಾವಿ ಮುಟ್ಟೋ ಹಾಗಿರಲಿಲ್ಲವಂತೆ. ಅಕ್ಕ ತಂಗಿ ಇಬ್ಬರೂ ಮಡಕೆ ಇಟ್ಕೊಂಡು ಸ್ವಲ್ಪ ದೂರದಲ್ಲಿ ಕೂರಬೇಕು. ಯಾರಾದ್ರೂ ಊರೋರು ಬಂದು, ಮನಸ್ಸಾದ್ರೆ ಸೇದಿ ಮೇಲಿಂದ ಹುಯ್ಯಬೇಕು. ಮನಸ್ಸಾಗದ ದಿನ ಬಿಸಿಲಲ್ಲಿ ಕೂತೇ ಇರಬೇಕು.

"ಬಾವಿ ತುಂಬ ನೀರಿತ್ತು ಕಣ್ ಮಗ. ಕೇಳಂಗಿರ್ನಿಲ್ಲ. ಸ್ವಾಮಿ ಬಾಯ್ ಬುಟ್ಟು ಕೇಳ್ದ ನೋಡು, ನಮ್ಗೆ ಅದೂ ಇರ್ನಿಲ್ಲ."

ಯಾರಾದ್ರೂ ಬೊಗಸೆಗೆ ಹುಯ್ದಾಗ ದೊಡ್ಡವ್ವ ತನ್ನ ಬೊಗಸೆ ಮೇಲೆ ಹಿಡಿದು, ತಂಗಿಯ ಬೊಗಸೆ ಕೆಳಗೆ ಹಿಡಿಸಿ, ತಾನು ಕುಡಿಯೋದಕ್ಕೆ ಮುಂಚೆ ಬೆರಳು ಸಡಿಲ ಮಾಡಿ ಅವಳಿಗೆ ಬಿಡ್ತಿದ್ಲಂತೆ. ಇಷ್ಟು ಹೇಳಿ ಅವ್ವ ಎದ್ದು ಒಲೆ ಸಾರಿಸೋಕೆ ಹೋದ್ಲು.

ಅಯ್ಯನೋರು ಹೇಳಿದ್ದು ಆಗ ಅರ್ಥ ಆಯ್ತು. ಒಂಟೆ, ಜಿಂಕೆ, ಸಮುದ್ರ ಎಲ್ಲಾನೂ ಕರೆಸಿ ನಾನು ಮುಚ್ಚಿಡ್ತಿದ್ದದ್ದು ಈ ಬಾವೀನ. ಅವ್ವ ಹೇಳದೆ ಇದ್ರೂ ನನಗೆ ಅಲ್ಪಸ್ವಲ್ಪ ಗೊತ್ತಿತ್ತು. ನನ್ನ ಕೋಟಿಗೂ ಗೊತ್ತಿತ್ತು. ಅವತ್ತು ಕೂತು ಬರೆದದ್ದು ಕೆಲವೇ ಸಾಲು. ಒಂದೊಂದು ಸಾಲೂ ಹಲ್ಲು ಕಿತ್ತ ಹಾಗೆ ಬಂತು. ಅಳುತ್ತ ಬರೆದೆ ಅಂತ ಹೇಳಿದ್ರೆ ಸಾಮೇಲ ನಗ್ತಾನೆ, ಆದ್ದರಿಂದ ಬೆವರ್ತಾ ಬರೆದೆ ಅಂತ ಇಟ್ಕೊಳ್ಳಿ. ಕಾಗದಕ್ಕೆ ಇಳಿಸೋಕೆ ಕಾಗದ ಸಿಗಲಿಲ್ಲ. ಮಾರನೇ ದಿನ ಸ್ಲೇಟನ್ನೇ ಕಂಕುಳಲ್ಲಿ ಇಟ್ಕೊಂಡು ಚರ್ಚಿಗೆ ಹೋದೆ.

ದೊಡ್ಡವ್ವ ಬಂದಿದ್ಲು. ಮನೆಗೆ ಬರದೆ ಸ್ಟೇಷನ್ನಿಂದ ನೇರ ಚರ್ಚಿಗೆ ಬಂದು ಬಾಗಿಲ ಹತ್ರ ನೆಲದ ಮೇಲೆ ಕೂತಿದ್ಲು. ಮಗ್ಗುಲಲ್ಲಿ ಊರಿಂದಲೇ ತುಂಬಿಸಿ ತಂದ ಹಿತ್ತಾಳೆ ಚೊಂಬು. ಅವ್ವ ಆ ಚೊಂಬನ್ನ ನೋಡಿ ತಲೆ ತಗ್ಗಿಸಿದ್ದನ್ನ ನಾನು ನೋಡಿದೆ.

ನನ್ನ ಸರದಿ ಬಂತು. ಏಪ್ರಿಲ್ ಬಿಸಿಲು, ತಗಡಿನ ಮಾಡು, ಉಣ್ಣೆ ಕೋಟು. ಮುಂದಿನ ಬೆಂಚಲ್ಲಿ ನಮ್ಮ ಹೆಡ್ಮೇಷ್ಟ್ರು. ಸ್ಲೇಟು ಹಿಡಿದು ನಿಂತಾಗ ಹುಡುಗರ ಕಡೆಯಿಂದ ಕಿಸಕ್ ಅಂತ ನಗು ಬಂತು. ಬಾವಿ ಅಂತ ಓದಿದ ಮೇಲೆ ನಗು ನಿಂತಿತು. ಕೇರಿ ಅಂದೆ, ನಮ್ಮವ್ವ ಅಂದೆ, ಬೊಗಸೆ ಕೆಳಗೆ ಬೊಗಸೆ, ಅಕ್ಕ ತಂಗಿಗೆ ಬಿಟ್ಟ ನೀರು ಅಂದೆ. ಆಮೇಲೆ ಕೆಳಗಿನ ಸಾಲುಗಳಿಗೆ ಬಂದು ನೋಡಿದ್ರೆ ಅಲ್ಲಿ ಅಕ್ಷರವೇ ಇಲ್ಲ. ಕೋಟಿನ ಬೆವರೆಲ್ಲ ಕೈಗಿಳಿದು, ನನ್ನ ಎರಡು ಹೆಬ್ಬೆರಳೂ ಸೇರಿ ಕೊನೆಯ ಪ್ರಾರ್ಥನೇನ ತೊಳೆದುಹಾಕಿದ್ವು. ಏನು ಬರೆದಿದ್ದೆ ಅನ್ನೋದೂ ಮರೆತುಹೋಯ್ತು. ಗಂಟಲು ಒಣಗಿ ನಾಲಗೆ ಅಂಟಿಕೊಂಡ್ತು. ಬಾಯಿಂದ ಹೊರಟದ್ದು ಒಂದೇ ಮಾತು, "ನೀರು."

ಅದು ಪ್ರಸಂಗದ ಮಾತು ಅಂತ ಜನ ತಲೆದೂಗಿದ್ರು. ಉಪವಾಸದ ದಿನ, ಅಯ್ಯನೋರ ಹತ್ರವೂ ನೀರಿಲ್ಲ. ಬಾಗಿಲ ಕಡೆಯಿಂದ ದೊಡ್ಡವ್ವ ಎದ್ದು, ಚೊಂಬು ಹಿಡ್ಕೊಂಡು, ಎರಡು ಸಾಲು ಬೆಂಚಿನ ನಡುವೆ ಅವಳ ಹೊಲದ ಬದುವಿನ ಮೇಲೆ ಬರೋ ಹಾಗೆ ನಡ್ಕೊಂಡು ಬಂದ್ಲು. ಕೈ ಒಡ್ಡು ಮಗ ಅಂದ್ಲು. ನಾನು ಸ್ಲೇಟನ್ನ ಕಂಕುಳಿಗೆ ಸಿಕ್ಕಿಸಿ ಬೊಗಸೆ ಒಡ್ಡಿದೆ. ಹುಯ್ದ್ಲು, ಕುಡಿದೆ, ಇನ್ನೂ ಹುಯ್ದ್ಲು, ಚೊಂಬು ಬರಿದಾಗೋ ತನಕ ಕುಡಿದೆ. ಉಳಿದಿದ್ದ ಅಕ್ಷರವೆಲ್ಲ ಕೋಟಿಗೆ ಹತ್ತಿಕೊಂಡು ಕಂಕುಳು ಬೆಳ್ಳಗಾಯ್ತು. ಅಯ್ಯನೋರು ಕೀರ್ತನೆ ಎತ್ತಿಕೊಂಡು ನನ್ನ ಮಾನ ಕಾಪಾಡಿದ್ರು.

ಹೊರಗೆ ಬಂದಾಗ ಸಾಮೇಲ, ನಾಟಕ ಚೆನ್ನಾಗ್ ಕಟ್ಟಿದ್ದೆ ಕಣ್ಲಾ ಅಂದ. ಹೆಡ್ಮೇಷ್ಟ್ರು ನಿಮ್ಮ ತಾಯಿಯ ಊರು ಯಾವುದು ಅಂತ ಕೇಳಿದ್ರು. ಮೊದಲ ಸಲ ಸರಿಯಾದ ಉತ್ತರ ಕೊಟ್ಟೆ. ಸೆಖೆ ಅಂತ ಕೋಟನ್ನೂ ಬಿಚ್ಚಿದೆ.

ದೊಡ್ಡವ್ವನ ರೈಲು ಸಂಜೆಗೆ. ಬಿಸಿಲಲ್ಲಿ ಎಲ್ಲಿಗೆ ಹೋಗ್ತಾಳೆ, ನಮ್ಮ ಜೊತೆ ಬಂದು ಜಗಲಿ ಮೇಲೆ ಕೂತ್ಲು. ಅವ್ವ ಏನೂ ಕೇಳಲಿಲ್ಲ. ಖಾಲಿ ಚೊಂಬು ಎತ್ಕೊಂಡು ಒಳಗೆ ಹೋಗಿ, ಮಡಕೆಯಿಂದ ತುಂಬಿಸಿ ತಂದು ಹಿಡ್ಕೊಂಡು ನಿಂತ್ಲು. ನೀರು ಅಂಚಿನಿಂದ ಚೆಲ್ತಾ ಇತ್ತು. ದೊಡ್ಡವ್ವ ಬೀದಿಯ ಆ ಕಡೆ ಈ ಕಡೆ ನೋಡಿದ್ಲು. ಆಮೇಲೆ ಇಸ್ಕೊಂಡು, ತಲೆ ಎತ್ತಿ ಗಟಗಟ ಕುಡಿದು, ನಿಮ್ಮೂರ ನೀರು ಸಪ್ಪೆ ಅಂದ್ಲು. ಅವ್ವ ಇನ್ನೊಂದು ಸಲ ತುಂಬಿಸಿ ತಂದ್ಲು.

ಅವಳನ್ನ ರೈಲು ಹತ್ತಿಸೋಕೆ ನಾನೇ ಹೋದೆ. ದೊಡ್ಡ ಬರಹಗಾರ ಅನ್ನೋ ಠೀವಿ ಆಗಲೇ ನಡಿಗೇಲಿ ಬಂದಿತ್ತು. ಕಿಟಕಿ ಹತ್ರ ನಿಂತು, ಹೆಂಗಿತ್ತು ದೊಡ್ಡವ್ವ ನಾನು ಬರೆದದ್ದು ಅಂತ ಕೇಳಿದೆ. ಚೆನ್ನಾಗಿತ್ತು, ಒಂದು ಕಡೆ ತಪ್ಪದೆ ಅಂದ್ಲು.

"ನಾನೆಲ್ಲಿ ಅವ್ಳಿಗೆ ಬುಡ್ತಿದ್ದೆ? ನಂಗೂ ಬಾಯಾರ್ಕೆ ಅಲ್ವೇನ್ಲಾ? ಬೆರಳ್ ಸಂದೀಲಿ ಸೋರ್ತಿತ್ತು. ಅವ್ಳು ಕೆಳಗ್ ಕೈ ಇಕ್ಕಂಡ್ ನಿಂತಿದ್ಲು, ಅಷ್ಟೇಯ."

ನನ್ನ ಇಡೀ ಉಪವಾಸದ ಕಾಲದಲ್ಲಿ ಬಂದ ಒಂದೇ ಒಳ್ಳೆ ಸಾಲು ಹೀಗೆ ಪ್ಲಾಟ್‌ಫಾರಮ್ಮಿನ ಮೇಲೆ ಬಿದ್ದುಹೋಯ್ತು. ಆ ಸೋರಿದ ನೀರನ್ನ ಪ್ರೀತಿ ಅಂದ್ಕೊಂಡೇ ಅವ್ವ ಇಷ್ಟು ವರ್ಷ ಕಾದಿದ್ದಳಲ್ಲ, ಈಗ ನಾನೇನು ಮಾಡಲಿ? ಅವ್ವನಿಗೆ ಓದೋಕೆ ಬರೋದಿಲ್ಲ ಅನ್ನೋ ಧೈರ್ಯದ ಮೇಲೆ ಇದನ್ನೆಲ್ಲ ನಿಮ್ಮ ಮುಂದೆ ಬರೀತಿದೀನಿ, ದಯವಿಟ್ಟು ಯಾರೂ ಅವಳಿಗೆ ಓದಿ ಹೇಳಬೇಡಿ. ರೈಲು ಕದಲಿತು. ದೊಡ್ಡವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಡಿಲಲ್ಲಿ ನಮ್ಮ ಮನೆ ನೀರಿನ ಚೊಂಬನ್ನ ಚೆಲ್ಲದ ಹಾಗೆ ಒತ್ತಿ ಹಿಡ್ಕೊಂಡು ಕೂಗಿ ಹೇಳಿದ್ಲು.

"ನಿಮ್ಮವ್ವಂಗ್ ಏಳ್ಬ್ಯಾಡ ಕಣ್ಲಾ, ಅವ್ಳು ಅಂಗೇ ಅಂದ್ಕಂಡಿರ್ಲಿ. ನೀನ್ ಮಾತ್ರ ಇನ್ನೊಂದ್ ಕಿತ ಕೂತ್ಕಂಡು ಸರ್ಯಾಗ್ ಬರಿ."