ಅಣ್ಣಮ್ಮನ ವಾರದ ರಜೆ

ಸಾವಿರದ ಒಂಬೈನೂರ ಅರವತ್ತಮೂರನೇ ಇಸವಿಯಲ್ಲಿ ಕಲ್ಲುಪೇಟೆಯ ಅಂಗಡಿಬೀದಿಯಲ್ಲಿದ್ದ ಕೂಲಿಯಾಳುಗಳ ಒಟ್ಟು ಸಂಖ್ಯೆ ಒಂದು. ಇದು ವರ್ತಕ ಶಿಸ್ತು ಇಲಾಖೆಯವರು ಸ್ವತಃ ಬೀದಿ ಸುತ್ತಿ, ಎಣಿಸಿ, ಮೊಹರು ಒತ್ತಿದ ಲೆಕ್ಕವಾದ್ದರಿಂದ ಅನುಮಾನ ಪಡುವ ಹಾಗಿಲ್ಲ.

ಕಲ್ಲುಪೇಟೆ ಅಂದರೆ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸು ಹತ್ತು ನಿಮಿಷ ನಿಲ್ಲುವ ಊರು. ಬಸ್ಸು ನಿಲ್ಲುವ ಕಡೆ ಪಾಲಾಕ್ಷಪ್ಪನವರ ದೊಡ್ಡ ದಿನಸಿ ಮಂಡಿ. ಮಂಡಿಯ ಗೋಡೆಗೆ ಒತ್ತಿಕೊಂಡು, ನಾಲ್ಕು ಮೊಳ ಅಗಲದ ಜಾಗದಲ್ಲಿ, ಅಣ್ಣಮ್ಮನ ಪುರಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಅವಳು ಅಲ್ಲೇ ಕೂತು ಪುರಿ, ಹುರಿಗಡಲೆ, ಬತಾಸು ಅಳೆದುಕೊಟ್ಟು ಬದುಕು ಸಾಗಿಸಿದ್ದಳು. ಆ ನಾಲ್ಕು ಮೊಳದ ಮೇಲೆ ಪಾಲಾಕ್ಷಪ್ಪನವರಿಗೆ ಮೊದಲಿಂದಲೂ ಕಣ್ಣು. ತಮ್ಮ ಮೂಟೆಗಳಿಗೆ ಗಾಳಿ ಸಾಲದೆಂದು ಅವರು ಆಗಾಗ ಮರುಗುತ್ತಿದ್ದರು.

ಆ ವರ್ಷ ಇಲಾಖೆಗೆ ದುಡಿಯುವ ಜನರ ಮೇಲೆ ಕನಿಕರ ಹುಟ್ಟಿ, ಅಂಗಡಿಯಾಳುಗಳಿಗೆಲ್ಲ ವಾರಕ್ಕೊಂದು ದಿನ ರಜೆ ಕೊಡತಕ್ಕದ್ದೆಂದು ನಿಯಮವಾಯಿತು. ಅದನ್ನು ಜಾರಿಗೆ ತರಲು ಇನ್ಸ್‌ಪೆಕ್ಟರ್ ಪುಟ್ಟರಾಜು ಒಂದು ಮಂಗಳವಾರ ಬಸ್ಸಿಳಿದು ನೆಟ್ಟಗೆ ಮಂಡಿಗೆ ಹೋದರು. ಅಲ್ಲಿ ಏಳು ಜನ ಮೂಟೆ ಹೊರುತ್ತಿದ್ದರು. ಕಾಫಿ ಕುಡಿದು ಮುಗಿಯುವವರೆಗೂ ಅವರನ್ನೇ ನೋಡಿ, ಇವರೆಲ್ಲ ಯಾರೆಂದು ಪುಟ್ಟರಾಜು ವಿಚಾರಿಸಿದರು.

"ನೆಂಟ್ರು ಸ್ವಾಮಿ," ಅಂದರು ಪಾಲಾಕ್ಷಪ್ಪ. "ಸುಮ್ನೆ ಕೂತ್ರೆ ಒತ್ತೋಗಲ್ವಂತೆ. ಅವ್ರೇ ಎತ್ತುತಾರೆ."

ನೆಂಟರಲ್ಲಿ ಹಿರಿಯನಾದ ಲಕ್ಕಯ್ಯ ಬಂದು ಹದಿಮೂರು ವರ್ಷವಾಗಿತ್ತು. ಹೌದೇನಪ್ಪ ಎಂದು ಕೇಳಿದ್ದಕ್ಕೆ, ಬೆನ್ನ ಮೇಲೆ ರಾಗಿ ಮೂಟೆ ಇದ್ದುದರಿಂದ ಅವನು ನೆಲ ನೋಡಿಕೊಂಡೇ ಹೂಂ ಅಂದ. ನೆಂಟರಿಗೆ ರಜೆ ಕೊಡಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಪುಟ್ಟರಾಜು ಹೊರಬಂದಾಗ ಕೈಯಲ್ಲಿ ಐದು ಸೇರು ಸಣ್ಣಕ್ಕಿಯ ಗಂಟಿತ್ತು. ಅದನ್ನೂ ನೆಂಟಸ್ತಿಕೆಯೆಂದೇ ತಿಳಿಯತಕ್ಕದ್ದು.

ಆದರೆ ಊರಿಗೊಬ್ಬ ಆಳನ್ನಾದರೂ ಉದ್ಧಾರ ಮಾಡದ ಇನ್ಸ್‌ಪೆಕ್ಟರರ ಹುದ್ದೆಯೇ ರದ್ದಾಗತಕ್ಕದ್ದೆಂದು ಇನ್ನೊಂದು ಸುತ್ತೋಲೆ ಇತ್ತು. ಪುಟ್ಟರಾಜು ಪುರಿ ಅಂಗಡಿ ಮುಂದೆ ನಿಂತರು.

"ಅಂಗಡಿ ಯಾರದಮ್ಮಾ?"

"ನಂದೇ ಸಾ."

"ಕೆಲಸ ಮಾಡೋರು?"

"ಇನ್ಯಾರವ್ರೆ, ನಾನೇಯ."

ಎರಡು ಕಲಂ ಭರ್ತಿಯಾದವು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ರಜೆ ಇಲ್ಲವೆಂದು ಗೊತ್ತಾದಾಗ ಪುಟ್ಟರಾಜು ಆಳಾದ ಅಣ್ಣಮ್ಮನನ್ನು ಕನಿಕರದಿಂದ ನೋಡಿದರು. ಮಾಲೀಕಳಾದ ಅಣ್ಣಮ್ಮನನ್ನು ಕೆಕ್ಕರಿಸಿ ನೋಡಿದರು. ಮುಖ ಒಂದೇ ಆದ್ದರಿಂದ ಇದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಂಗಡಿಯ ತಗಡಿಗೆ ನೋಟೀಸು ಅಂಟಿಸಿದರು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಅಂಗಡಿಯ ಮಾಲೀಕರಾದ ಅಣ್ಣಮ್ಮ ಎಂಬುವರು ತಮ್ಮ ಆಳಾದ ಅಣ್ಣಮ್ಮ ಎಂಬುವರಿಗೆ ವಾರದ ರಜೆ ಕೊಡದೆ ಹಿಂಸಿಸುತ್ತಿರುವುದು ಕಂಡುಬಂದಿದೆ. ಏಳು ದಿನದೊಳಗೆ ಸರಿಪಡಿಸಿಕೊಳ್ಳದಿದ್ದಲ್ಲಿ ಅಂಗಡಿಗೆ ಬೀಗಮುದ್ರೆ ಹಾಕಲಾಗುವುದು."

ಅಕ್ಷರ ಬಲ್ಲ ಲಕ್ಕಯ್ಯ ಇದನ್ನು ಓದಿ ಹೇಳುವಾಗ ಅಣ್ಣಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಬೀಗಮುದ್ರೆ ಅನ್ನುವಲ್ಲಿಗೆ ನಗು ನಿಂತಿತು. ಬೀದಿಯಲ್ಲಿ ಅವಳಿಗೆ ಅಂತ ಇದ್ದದ್ದು ಆ ನಾಲ್ಕು ಮೊಳವೊಂದೇ. ಏನಾದರೂ ಮಾಡಿ ಉಳಿಸಿಕೊಡು ಅಂತ ಲಕ್ಕಯ್ಯನನ್ನು ಕೇಳಿಕೊಂಡಳು. ಅವನು ಆಳಿನ ಪರವಾಗಿ ಮಾಲೀಕಳಿಗೆ ಒಂದು ರಜೆ ಅರ್ಜಿ ಬರೆದ. ಆಳಿನ ಹೆಬ್ಬೆಟ್ಟು ಎಡಗೈಯದು, ಮಂಜೂರಾತಿಯ ಹೆಬ್ಬೆಟ್ಟು ಬಲಗೈಯದು ಎಂದು ಇಲಾಖೆಯ ಆಜ್ಞೆಯಾಗಿತ್ತು.

"ಮಂಜೂರು ಮಾಡ್ತೀಯಾ ಅಕ್ಕ?" ಅಂದ ಲಕ್ಕಯ್ಯ.

"ಮಾಡ್ದೆ ಇದ್ರೆ ಬುಟ್ಟಾರಾ," ಅಂತ ಅಣ್ಣಮ್ಮ ಬಲಗೈ ಮುಂದೆ ಮಾಡಿದಳು.

ಬೀದಿ ಬಣಗುಟ್ಟುವ ಬುಧವಾರವೇ ರಜೆ ಇರಲಿ ಅಂತ ಅವಳ ಆಸೆ. ಪುಟ್ಟರಾಜು ಒಪ್ಪಲಿಲ್ಲ. ತಾವು ಬರುವುದು ಮಂಗಳವಾರದ ಬಸ್ಸಿಗೆ, ಇನ್ಸ್‌ಪೆಕ್ಟರರ ಕಣ್ಣಿಗೆ ಬೀಳದ ರಜೆ ರಜೆಯೇ ಅಲ್ಲ ಅಂದರು. ಮಂಗಳವಾರ ಸಂತೆ, ವಾರದ ವ್ಯಾಪಾರದಲ್ಲಿ ಮುಕ್ಕಾಲು ಪಾಲು ಅವತ್ತೇ. ಮಾಲೀಕಳಾಗಿಯಾದರೂ ಕೂರಬಹುದಾ ಸಾ ಅಂತ ಅಣ್ಣಮ್ಮ ಕೇಳಿದ್ದಕ್ಕೆ, ಅವರು ನಿಯಮಗಳ ಪುಸ್ತಕ ತಿರುವಿ, ಕೂರಲು ಅಡ್ಡಿಯಿಲ್ಲ, ಆದರೆ ಅಳೆದು ಕೊಡುವುದು ಆಳಿನ ಕೆಲಸ ಅಂದರು.

ಮುಂದಿನ ಮಂಗಳವಾರ ಅಣ್ಣಮ್ಮ ಪುರಿ ರಾಶಿಯ ಹಿಂದೆ ಕೈಕಟ್ಟಿ ಕೂತಳು. ಚೀಲ ಹಿಡಿದು ಬಂದವರಿಗೆಲ್ಲ ಆಳು ರಜೆಯಲ್ಲಿದ್ದಾಳೆಂದು ಹೇಳಿ ಕಳಿಸಿದಳು. ಹಾಗೆ ಹೇಳುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು, ಕೇಳಿದವರಿಗೆ ಆಗುತ್ತಿರಲಿಲ್ಲ. ಕಾನೂನು ಅಂದ ಮೇಲೆ ಸರಿಯಾಗೇ ಇರುತ್ತೆ ಅಂದುಕೊಂಡು ಅವರು ಪಕ್ಕಕ್ಕೆ ಹೋದರು. ಪಕ್ಕದಲ್ಲಿ, ಸಾರ್ವಜನಿಕರಿಗೆ ತೊಂದರೆಯಾಗಬಾರದೆಂಬ ಒಂದೇ ಉದ್ದೇಶದಿಂದ, ಪಾಲಾಕ್ಷಪ್ಪನವರು ಅದೇ ವಾರ ಪುರಿ ವ್ಯಾಪಾರ ಶುರುಮಾಡಿದ್ದರು.

ಮೂರನೇ ಮಂಗಳವಾರ ಮಾರಮ್ಮ ಅನ್ನುವ ಮುದುಕಿ ಬಂದಳು. ಹತ್ತೊಂಬತ್ತು ವರ್ಷದ ಗಿರಾಕಿ. ಮಂಡಿಯ ಮೆಟ್ಟಿಲು ಹತ್ತಲು ಮಂಡಿ ನೋವು, ಬಸ್ಸು ಹೊರಡುವ ಹೊತ್ತು, ಒಂದೇ ಒಂದು ಸೇರು ಹಾಕು ಅಂತ ಸೆರಗೊಡ್ಡಿದಳು. ಮನೆಯಲ್ಲಿ ಅಣ್ಣಮ್ಮ ಒಲೆ ಹಚ್ಚಿ ಎರಡು ದಿನವಾಗಿತ್ತು. ಅತ್ತ ಇತ್ತ ನೋಡಿ, ಸೇರು ತುಂಬಿ ಸುರಿದಳು. ಮಂಡಿಯ ಒಳಗಿಂದ ಪುಟ್ಟರಾಜು ಬಾಯಿ ಒರೆಸಿಕೊಳ್ಳುತ್ತಾ ಬಂದು, ರಜಾ ದಿನ ಆಳನ್ನು ದುಡಿಸಿದ ಅಪರಾಧ ಎಂದು ಬರೆದುಕೊಂಡರು.

ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ ನಡೆಯಿತು. ಜಿಲ್ಲೆಯ ಮೇಲಧಿಕಾರಿಗಳೇ ಬಂದಿದ್ದರು. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಕೇಳಕೂಡದೆಂಬ ನಿಯಮವಿದ್ದುದರಿಂದ ಅಣ್ಣಮ್ಮ ಮೊದಲು ಮಾಲೀಕಳಾಗಿ ಹೇಳಿಕೆ ಕೊಟ್ಟು ಜಗುಲಿಗೆ ಹೋದಳು. ಜವಾನ ಮೂರು ಸಲ ಹೆಸರು ಕೂಗಿದ ಮೇಲೆ ಆಳಾಗಿ ಒಳಗೆ ಬಂದಳು.

"ಹೆದರಬೇಡಿ," ಅಂದರು ಅಧಿಕಾರಿಗಳು ಮೆತ್ತಗೆ. "ನಿಮ್ಮ ಮಾಲೀಕರು ಇಲ್ಲಿಲ್ಲ, ಈಗತಾನೇ ಹೊರಗೆ ಹೋದರು. ಅವತ್ತು ಕೆಲಸ ಮಾಡು ಅಂತ ಬಲವಂತ ಮಾಡಿದ್ದು ಅವರೇ ತಾನೇ?"

ಅಣ್ಣಮ್ಮ ಜಗುಲಿಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಒಟ್ಟೆ ಬಲವಂತ ಮಾಡ್ತು ಸಾ," ಅಂದಳು.

ಅಧಿಕಾರಿಗಳು ಗುಮಾಸ್ತನ ಕಡೆ ತಿರುಗಿ, "ಮಾಲೀಕಳು ಆಳಿಗೆ ಹೊಟ್ಟೆಗೂ ಕೊಡುತ್ತಿರಲಿಲ್ಲ ಎಂದು ಬರೆದುಕೊಳ್ಳಿ" ಅಂದರು.

ತೀರ್ಪಿನಲ್ಲಿ ಅಣ್ಣಮ್ಮ ಗೆದ್ದಳು. ಕ್ರೂರಿಯಾದ ಮಾಲೀಕಳ ಲೈಸೆನ್ಸು ರದ್ದಾಯಿತು. ಅಂಗಡಿಗೆ ಬೀಗಮುದ್ರೆ ಬಿತ್ತು. ತೆರವಾಗುವ ಜಾಗವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಪಾಲಾಕ್ಷಪ್ಪನವರ ವಶಕ್ಕೆ ಕೊಡಲಾಯಿತು. ಬಿಡುಗಡೆ ಹೊಂದಿದ ಆಳಿಗೆ ಸನ್ಮಾನ ಏರ್ಪಾಡಾಗಿ, ಪಾಲಾಕ್ಷಪ್ಪನವರೇ ಅಧ್ಯಕ್ಷತೆ ವಹಿಸಿದರು. ನೆಂಟರು ಬೆಂಚು ಹೊತ್ತು ತಂದು ಹಾಕಿದರು. ಕತ್ತಿಗೆ ಹಾರ ಬಿದ್ದಾಗ ಅಣ್ಣಮ್ಮ ಯೋಚಿಸುತ್ತಿದ್ದದ್ದು ಬೀಗದೊಳಗೆ ಸಿಕ್ಕಿಕೊಂಡ ನಲವತ್ತು ಸೇರು ಪುರಿಯನ್ನು. ಮೋಡದ ದಿನ, ಅಷ್ಟೊತ್ತಿಗೆ ಮೆತ್ತಗಾಗಿರಬೇಕು. ಕಾರ್ಮಿಕ ಶಕ್ತಿಗೆ ಜಯವೆಂದು ಪುಟ್ಟರಾಜು ಭಾಷಣ ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದ್ದನ್ನು ಕಂಡು, ತಟ್ಟದೆ ಇದ್ದರೆ ಅದಕ್ಕೂ ಏನಾದರೂ ಕಾನೂನಿದ್ದೀತೆಂದು ಅವಳೂ ತಟ್ಟಿದಳು.

ಆಮೇಲೆ ಅವಳು ಮಂಕರಿ ತಲೆ ಮೇಲಿಟ್ಟುಕೊಂಡು ಪುರಿ ಮಾರತೊಡಗಿದಳು. ಮಂಕರಿ ಅಂಗಡಿಯಲ್ಲ, ಅಂಗಡಿಯಲ್ಲದ್ದಕ್ಕೆ ಮಾಲೀಕರೂ ಇಲ್ಲ, ಆಳೂ ಇಲ್ಲ. ಹೊತ್ತು ಹುಟ್ಟಿದಾಗಿಂದ ಮುಳುಗುವವರೆಗೆ, ವಾರದ ಏಳೂ ದಿನ, ಬೀದಿ ಬೀದಿ ತಿರುಗುತ್ತಿದ್ದಳು. ಕತ್ತು ಹಿಡಿದುಕೊಂಡು ರಾತ್ರಿ ಮಲಗಲಾಗುತ್ತಿರಲಿಲ್ಲ. ಅಂತೂ ಕೇಸು ಗೆದ್ದೆಯಲ್ಲವ್ವ ಅಂತ ಊರವರು ಹೊಗಳಿದರೆ, ಏನೋ ದೇವರು ದೊಡ್ಡವನು ಅನ್ನುವುದನ್ನೂ ಕಲಿತಳು.

ಉದ್ಧಾರವಾದವರ ಯೋಗಕ್ಷೇಮ ವಿಚಾರಿಸುವುದೂ ಪುಟ್ಟರಾಜು ಅವರ ಕರ್ತವ್ಯವೇ. ಒಂದು ಮಂಗಳವಾರ ಅವರು ವಾಪಸು ಹೋಗುವ ಬಸ್ಸಿನ ಕಿಟಕಿಯಿಂದ ಕೈ ಚಾಚಿ, ಅವಳ ಮಂಕರಿಯಿಂದ ಒಂದು ಹಿಡಿ ಪುರಿ ತೆಗೆದು ಬಾಯಿಗೆ ಹಾಕಿಕೊಂಡರು.

"ವಿಶ್ರಾಂತಿ ಹೇಗಿದೆಯಮ್ಮಾ?"

"ಚೆನ್ನಾಗೈತೆ ಸಾ."

ಅವರು ತೊಡೆಯ ಮೇಲೆ ಫೈಲು ಬಿಚ್ಚಿ, ಸದರಿ ಅಣ್ಣಮ್ಮನವರು ಸಂಪೂರ್ಣ ವಿಶ್ರಾಂತಿಯಲ್ಲಿದ್ದಾರೆಂದು ಷರಾ ಬರೆದು ರುಜು ಹಾಕಿದರು. ಡ್ರೈವರು ಹಾರನ್ ಹೊಡೆದ. ಹಿಂದಿನ ಸೀಟಿನಿಂದ ಯಾರೋ ಪುರಿಗೆ ಕೂಗಿದರು. ಅಣ್ಣಮ್ಮ ಒಂದು ಕೈಯಲ್ಲಿ ಮಂಕರಿ ಹಿಡಿದು, ಇನ್ನೊಂದರಲ್ಲಿ ಸೀರೆ ಎತ್ತಿಕೊಂಡು, ವಿಶ್ರಾಂತಿ ತೆಗೆದುಕೊಳ್ಳುತ್ತಾ ಬಸ್ಸಿನ ಜೊತೆ ಓಡಿದಳು.