ಮನೆಯಲ್ಲಿ ಯಾರೂ ಇಲ್ಲವೆಂದು ಸಾರಿದ ಸೆನ್ಸರ್ ಮಹಾಶಯರಿಗೆ

ನಮ್ಮ ಅತ್ತೆಯವರ ಕೋಣೆಯ ಮೂಲೆಯಲ್ಲಿ, ಸೂರಿಗೆ ಒಂದು ಗೇಣು ಕೆಳಗೆ ವಿರಾಜಮಾನರಾಗಿ, ಬಟ್ಟಲಿನಷ್ಟೇ ಇದ್ದರೂ ಇಡೀ ಮನೆಯನ್ನು ಆಳುತ್ತಿರುವ ಶ್ರೀ ಸೆನ್ಸರ್ ಅವರ ಸನ್ನಿಧಿಗೆ ಕೈಮುಗಿದು ಬರೆದುಕೊಳ್ಳುವುದು.

ಮಾನ್ಯರೇ,

ದೇವರ ದಯೆಯಿಂದ ನಾವೆಲ್ಲ ಕ್ಷೇಮ. ತಮ್ಮ ಹಸಿರು ದೀಪ ಮಿನುಗುತ್ತಿರುವುದರಿಂದ ತಾವೂ ಕ್ಷೇಮವೆಂದು ತಿಳಿದಿದ್ದೇನೆ. ತಮ್ಮನ್ನು ಮನೆ ತುಂಬಿಸಿಕೊಂಡ ಭಾನುವಾರವನ್ನು ನಾವು ಮರೆಯುವ ಹಾಗಿಲ್ಲ. ಅಳಿಯಂದಿರು ಸ್ಟೂಲ್ ಹತ್ತಿ, ಫೋನನ್ನು ತಮ್ಮ ಮುಖಕ್ಕೆ ಹಿಡಿದು, ವೈಫೈ ಪಾಸ್‌ವರ್ಡನ್ನು ಆರು ಸಲ ಒಪ್ಪಿಸಿದರೂ ತಾವು ಕೆಂಪಗೇ ಇದ್ದಿರಿ. ಏಳನೇ ಸಲಕ್ಕೆ ಮಗಳು ಇಣುಕಿ ನೋಡಿ, "ರೀ, ಅದು ಪಕ್ಕದ ಮನೆಯವರ ವೈಫೈ" ಎಂದ ಮೇಲೆಯೇ ತಮ್ಮದೇನೂ ತಪ್ಪಿಲ್ಲವೆಂದು ಗೊತ್ತಾಯಿತು. ತಡವಾಗಿ ಕ್ಷಮೆ ಕೇಳುತ್ತಿದ್ದೇನೆ.

ಅತ್ತೆಯವರಿಗೆ ಲಕ್ವ ಹೊಡೆದು, ಬಲಗೈ ಬಲಗಾಲು ಬಿದ್ದುಹೋಗಿ ಏಳು ತಿಂಗಳಾಯಿತು. ನಾನು ಬೀದಿಯ ಕೊನೆಯ ಹೊಲಿಗೆ ಅಂಗಡಿಗೆ ಹೋದಾಗ ದೀಪ, ಫ್ಯಾನುಗಳಿಗೆ ಅವರು ಯಾರ ಕೈಯನ್ನೂ ಕಾಯಬಾರದೆಂದು ತಮ್ಮನ್ನು ತಂದೆವು. ಕೋಣೆಯಲ್ಲಿ ಜನ ಇದ್ದರೆ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಜನ ಇಲ್ಲದಿದ್ದರೆ ಎಲ್ಲ ಆರಿ ಮನೆಯ ಮುಂಬಾಗಿಲಿಗೆ ತಾನಾಗಿ ಬೀಗ ಬೀಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಆದರೆ ಅಲುಗಾಡದವರು ತಮ್ಮ ಲೆಕ್ಕದಲ್ಲಿ ಜನವೇ ಅಲ್ಲವೆಂದು ಎಲ್ಲಿಯೂ ಬರೆದಿರಲಿಲ್ಲ. ಅವರ ಮಂಚದ ಪಕ್ಕ ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಾಗ ತಾವು ದೀಪ ಆರಿಸಿದಿರಿ. ಭಕ್ತಿಗೆ ಕತ್ತಲೆಯೇ ಮೇಲೆಂದು ತಾವು ಬಗೆದಿರಬೇಕು ಅಂದುಕೊಂಡು ಸುಮ್ಮನಾದೆ.

ಕಳೆದ ಸೋಮವಾರ ಮಾತ್ರ ಸುಮ್ಮನಿರಲು ಆಗಲಿಲ್ಲ. ಅಂಗಡಿಯಲ್ಲಿ ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದಾಗ ಫೋನಿಗೆ ತಮ್ಮ ಸಂದೇಶ ಬಂತು: "ಮನೆಯಲ್ಲಿ ಯಾರೂ ಇಲ್ಲ." ಅತ್ತೆಯನ್ನು ಮಂಚದ ಮೇಲೆ ಮಲಗಿಸಿ ಬಂದ ಸೊಸೆ ಆ ಮಾತನ್ನು ಹೇಗೆ ಓದಿಕೊಳ್ಳಬೇಕು, ತಾವೇ ಹೇಳಿ. ಕತ್ತರಿಯನ್ನು ಕೈಯಲ್ಲೇ ಹಿಡಿದು, ಬರಿಗಾಲಲ್ಲಿ ಓಡಿದೆ. ಬಾಗಿಲಿಗೆ ತಮ್ಮ ಬೀಗ. ಮೂವತ್ತು ವರ್ಷ ಸೂಜಿ ಚುಚ್ಚಿಸಿಕೊಂಡ ಬೆರಳನ್ನು ಒತ್ತಿದರೆ, ಗುರುತು ಸಿಗುತ್ತಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತದೆ ಆ ಪುಣ್ಯಾತ್ಮ ಬೀಗ. ದೇವರ ಹೆಸರು ಹೇಳುತ್ತಾ ಬಾಗಿಲು ಬಡಿದಾಗ ಒಳಗಿಂದ ಕೇಳಿಸಿತು: "ಯಾರ್ರೋ ಅದು? ಬಾಗಿಲು ಮುರೀಬೇಡ್ರಪ್ಪಾ, ಸೊಸೆ ಹೊರಗೆ ಹೋಗಿದಾಳೆ!" ಆ ಕೂಗಿನಂಥ ಸಂಗೀತವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನಾಲ್ಕನೇ ಸಲಕ್ಕೆ ಬೀಗ ತೆರೆಯಿತು. ಕತ್ತಲಲ್ಲಿ, ಗಾಳಿಯಿಲ್ಲದೆ, ಬೆವರಿ ತೊಪ್ಪೆಯಾಗಿ ಮಲಗಿದ್ದ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಕತ್ತರಿ ಯಾಕೆ ತಂದೆ?"

ತಮ್ಮ ಕಂಪನಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ಬಹಳ ನಯವಾಗಿ, "ಹತ್ತು ನಿಮಿಷಕ್ಕೊಂದ್ಸಲ ಯಾರಾದ್ರೂ ಓಡಾಡ್ತಿರ್ಬೇಕು ಅಮ್ಮ" ಎಂದಳು. ಓಡಾಡೋ ಹಾಗಿದ್ದಿದ್ರೆ ನಿಮ್ಮ ಡಬ್ಬಿ ಯಾಕೆ ಬೇಕಿತ್ತು ಮಗಳೇ ಎಂದೆ. ಬರುವ ಬುಧವಾರ ರಿಪೇರಿಯವರನ್ನು ಕಳಿಸುತ್ತಾಳಂತೆ.

ಮಾನ್ಯರೇ, ಯಾರಿದ್ದಾರೆ, ಯಾರಿಲ್ಲ ಎಂದು ಬರೆದಿಡುವವನು ಮೇಲೊಬ್ಬನಿದ್ದಾನೆ. ತಾವೂ ಮೇಲೆಯೇ ಇದ್ದೀರಿ, ಆದರೆ ಸ್ಟೂಲ್ ಹಾಕಿದರೆ ಕೈಗೆ ಸಿಗುವಷ್ಟು ಮೇಲೆ. ಅವನ ಕೆಲಸವನ್ನು ಅವನಿಗೇ ಬಿಡಬೇಕೆಂದು ಪ್ರಾರ್ಥನೆ. ಬಿಡಲಾಗದಿದ್ದರೆ, ನಮ್ಮತ್ತೆ ಬದುಕಿದ್ದಾರೆಂದು ದಿನಕ್ಕೊಂದು ಪ್ರಮಾಣಪತ್ರ ಬರೆದು, ಸಹಿ ಹಾಕಿ, ಕೆಳಗಿಳಿದು ಬಂದು ಅವರ ಕೈಗೇ ಕೊಡಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಬಲಗೈ ಆಡಿಸಿ ಎಂದು ವ್ಯಾಯಾಮ ಹೇಳಿಕೊಡುವಾಕೆ ಏಳು ತಿಂಗಳು ಬೇಡಿಕೊಂಡರೂ ಅತ್ತೆ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಸೋಮವಾರ ನಡೆದದ್ದನ್ನು ನಾನು ವಿವರಿಸಿದಾಗ, "ನಾನಿಲ್ಲ ಅಂತ ಹೇಳೋಕೆ ಅದ್ಯಾರೇ?" ಎಂದು ಕೆರಳಿದರು. ಅವರ ಎಡಗೈ, ಎಡಗಾಲು ಬೀರುವಿನ ಮರೆಗೆ ಬೀಳುತ್ತವೆ, ತಮಗೆ ಕಾಣುವುದು ಬಲಗೈ ಒಂದೇ. ದೀಪ ಆರಿದ ಕೂಡಲೇ ಆ ಬಲಗೈಯನ್ನೇ ಎತ್ತಲು ಹೊರಟರು. ಮೊದಲ ದಿನ ಎರಡು ಬೆರಳು ಆಡಿದವು, ತಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನ ಮಣಿಕಟ್ಟು. ನಿನ್ನೆ ಮಧ್ಯಾಹ್ನ ಮೊಣಕೈ ಹಾಸಿಗೆಯಿಂದ ಮೇಲೆದ್ದಿತು, ದೀಪ ಹತ್ತಿತು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದೆ.

ಆದ್ದರಿಂದ ಬುಧವಾರ ಬೀಗ ಹಾಕುವ ಚಾಳಿಯನ್ನೂ ಸಂದೇಶ ಕಳಿಸುವ ಚಾಳಿಯನ್ನೂ ರಿಪೇರಿಯವರಿಗೆ ಒಪ್ಪಿಸಿಬಿಡಿ, ದೀಪ ಆರಿಸುವ ಅಹಂಕಾರವನ್ನು ಮಾತ್ರ ಹಾಗೇ ಬಚ್ಚಿಟ್ಟುಕೊಳ್ಳಿ. ಆ ಕೈ ನೆಟ್ಟಗಾಗುವವರೆಗೆ ತಮ್ಮ ಕುರುಡುತನ ನಮಗೆ ಬೇಕು.

ಇಂತಿ, ತಮ್ಮ ಕಣ್ಣಿಗೆ ಬೀಳಲೆಂದು ಕೈಕಾಲು ಆಡಿಸುತ್ತಲೇ ಬರೆದ,
ತಮ್ಮ ವಿಶ್ವಾಸಿ,
ಮನೆಯಲ್ಲಿ ಇಲ್ಲದವರ ಸೊಸೆ

ತಾ.ಕ.: ಅತ್ತೆಯವರು ತಮ್ಮತ್ತ ಕೈ ಎತ್ತುವುದನ್ನು ನಮಸ್ಕಾರವೆಂದು ತಾವು ಭಾವಿಸಿದಂತಿದೆ. ಅದು ಹೊಡೆಯಲು ಎತ್ತಿದ ಕೈ. ಸದ್ಯಕ್ಕೆ ತಮ್ಮವರೆಗೆ ಎಟುಕುತ್ತಿಲ್ಲ, ಅಷ್ಟೆ.