ಆಚಾರ್ಯರ ಚುಕ್ಕಿಗೆ ನಾನು ಹೇಳಿದ ದರ

ಹಿಡಿ ಜೋಳ ಅಂಗೈಯಲ್ಲಿ ಹಾಕಿಕೊಂಡು ದರ ಹೇಳಿ ಹೇಳಿಯೇ ಯರಗಟ್ಟಿ ಪೇಟೆಯಲ್ಲಿ ಮನೆ ಕಟ್ಟಿಸಿದವನು ನಾನು. ಒಂದು ಚುಕ್ಕಿ ನೋಡಿ ಅದರ ಬೆಳಕು ಹೇಳುವುದು ಯಾವ ಮಹಾ ಕೆಲಸ? ಪಕ್ಕದ ಮನೆಯ ವೆಂಕಣ್ಣಾಚಾರ್ಯರು ಶ್ವಾಸದ ಕಾಯಿಲೆಯಿಂದ ಬೆಳಗಾವಿಯ ಆಸ್ಪತ್ರೆಗೆ ಹೊರಟಾಗ, ಅವರ ದುರ್ಬೀನನ್ನು ಧೈರ್ಯವಾಗಿ ವಹಿಸಿಕೊಂಡೆ.

ಅವರ ಮನೆತನ ಪಂಚಾಂಗ ಬರೆದದ್ದು. ಇವರು ಮಾತ್ರ ಒಂದೇ ಒಂದು ಚುಕ್ಕಿಯನ್ನು ವರ್ಷಗಟ್ಟಲೆ ನೋಡುತ್ತ ಬಂದವರು. ಅಕ್ಕಪಕ್ಕದ ಚುಕ್ಕಿಗಳಿಗೆ ಹೋಲಿಸಿ, ಅದರ ಬೆಳಕು ಎಷ್ಟಿದೆಯೆಂದು ದಿನಾ ಸಂಜೆ ಮೊಬೈಲಿನಲ್ಲಿ ಸಂಶೋಧಕರಿಗೆ ಕಳಿಸಬೇಕು.

"ಕಂಡದ್ದಷ್ಟ ಕಳಸ್ರಿ, ಸಾವಕಾರ್ರ. ನಿಮ್ಮ ಶಾಣ್ಯಾತನ ಅದರಾಗ ಬ್ಯಾಡ," ಎಂದಿದ್ದರು.

ಕೆಲವು ದಿನ ಎಲ್ಲವೂ ಸುಸೂತ್ರ. ಆಮೇಲೊಂದು ಸಂಜೆ ಚುಕ್ಕಿ ಮಂಕಾಯಿತು. ಮರುದಿನ ಇನ್ನೂ ಮಂಕು. ಹೆಂಡತಿ ಶಾಂತವ್ವನನ್ನು ಮಾಳಿಗೆಗೆ ಕರೆದು ತೋರಿಸಿದೆ.

"ಕಾಣವಲ್ದರೀ. ನಂದಿ ಹೋಗೇತಿ."

"ಸುಮ್ನಿರ. ಆಚಾರ್ರಿಗೆ ಇದನ್ನ ಹೇಳಿದ್ರ ಅವರ ಜೀವಾನೂ ನಂದತೈತಿ."

ಹಾಸಿಗೆ ಹಿಡಿದವರು ದರ ಕೇಳಿದರೆ, ಎಷ್ಟೇ ಬಿದ್ದಿರಲಿ, 'ಗಟ್ಟಿ ಐತಿ' ಎನ್ನುವುದು ನಮ್ಮ ಪೇಟೆಯ ಪದ್ಧತಿ. ಆಚಾರ್ಯರು ಫೋನ್ ಮಾಡಿದಾಗ ಅದನ್ನೇ ಹೇಳಿದೆ. ಮಾತಿಗೂ ವರದಿಗೂ ತಾಳೆ ಇರಲೆಂದು ಸಂಶೋಧಕರಿಗೂ ಹಳೆಯ ಬೆಳಕನ್ನೇ ಕಳಿಸಿದೆ, ಆಚಾರ್ಯರ ಹೆಸರಿನಲ್ಲಿ. ಉಪಕಾರ ಮಾಡಿದರೆ ಪೂರ್ತಿ ಮಾಡಬೇಕು ನೋಡಿ!

ಮಾಡುವುದು ಇನ್ನೇನೂ ಉಳಿದಿಲ್ಲವೆಂದು ವೈದ್ಯರು ಆಚಾರ್ಯರನ್ನು ಮನೆಗೆ ಕಳಿಸಿದರು. ನಾನೂ ಶಾಂತವ್ವನೂ ನೋಡಲು ಹೋದಾಗಲೇ ಅವರಿಗೆ ಸಂಶೋಧಕಿಯೊಬ್ಬಳ ಫೋನ್ ಬಂತು; ಆಕೆಯ ಮಾತು ನಮಗೂ ಕೇಳಿಸುತ್ತಿತ್ತು. ಊರೂರಿನವರೆಲ್ಲ ಮಂಕು ಎಂದರೆ ಯರಗಟ್ಟಿಯಲ್ಲಿ ಮಾತ್ರ ಲಕಲಕ ಹೇಗೆ? ಈ ಹೆಸರಿನ ಹಳೆಯ ವರದಿಗಳನ್ನಾದರೂ ನಂಬುವುದು ಹೇಗೆ?

ಆಚಾರ್ಯರು ನನ್ನನ್ನೇ ನೋಡಿದರು. "ಅದು ಯಾವಾಗ ಮಂಕಾಗ್ತದ ಅಂತ ಯಾರಿಗೂ ಗೊತ್ತಿಲ್ಲರಿ. ನಾ ಇಷ್ಟ ವರ್ಷ ಕಾದದ್ದ ಅದಕ್ಕ."

ನಾನು ಫೋನ್ ಕಸಿದುಕೊಂಡು ಜೀವಮಾನದ ಚೌಕಾಸಿ ಮಾಡಿದೆ. "ತಂಗೀ, ಹೊಸಾವು ನನ್ನವು, ಸುಳ್ಳ. ಅವನ್ನ ತಗದ ಒಗೀರಿ. ಹಳೇವು ಖರೇ ಅದಾವ, ಇಟಗೋರಿ."

"ನೀವ್ಯಾರು?"

"ಜೋಳದ ದಲಾಲಿ."

ಆಕೆ ನನ್ನ ಸುಳ್ಳಿನ ತಾರೀಖುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು. ಕೊನೆಗೆ ಒಪ್ಪಿದಳು. ಹಳೆಯವು ಉಳಿದವು. ಆಚಾರ್ಯರು ಕಾದಿದ್ದ ಆ ಸಂಜೆ ಮಾತ್ರ ಅವರ ಹೆಸರಿನಲ್ಲಿ ಇಲ್ಲ.

ಸ್ವಲ್ಪ ಸುಧಾರಿಸಿಕೊಂಡು ಆಚಾರ್ಯರು ಕೇಳಿದರು, "ನಾ ಹೆಂಗ ಕಾಣಸ್ತೇನ್ರಿ, ಸಾವಕಾರ್ರ?"

"ಗಟ್ಟಿ ಅದೀರಿ."

ಕೆಮ್ಮು ಬರುವವರೆಗೆ ನಕ್ಕರು. ಶಾಂತವ್ವನ ಕಡೆ ತಿರುಗಿ, "ತಂಗಿ, ನೀ ನೋಡಿ ಹೇಳು," ಎಂದರು.

"ಭಾಳ ಇಳದೀರಿ, ಅಣ್ಣಾರ."

"ಹಾಂ," ಎಂದು ಸಮಾಧಾನದಿಂದ ಕಣ್ಣು ಮುಚ್ಚಿದರು.

ದುರ್ಬೀನು ಈಗ ಶಾಂತವ್ವನ ವಶದಲ್ಲಿದೆ. ಅದನ್ನು ದಿನಾ ಸಂಜೆ ಮಾಳಿಗೆಗೆ ಹೊತ್ತು ಹಾಕುವ ಹಮಾಲಿ ನನಗೆ ಸಿಕ್ಕಿದೆ.